ಚಿನ್ನ ಮುಗಿದ ಊರಿನಿಂದ ದ್ರಾಕ್ಷಿ ತಂದದ್ದು

ಆಗಸ್ಟ್ ತಿಂಗಳ ಒಂದು ಶುಕ್ರವಾರ ಬೆಳಗ್ಗೆ, ಮಸ್ಕತ್‌ನ ದಾರ್ಸೈಟ್‌ನಲ್ಲಿ ನಮ್ಮ ಕಟ್ಟಡದ ಕೆಳಗೆ ಕಾರಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟು, ನಾನು ಸ್ಟೇರಿಂಗ್ ಮುಂದೆ ಕುಳಿತೆ. ಇಲ್ಲಿ ಸ್ಟೇರಿಂಗ್ ಎಡಕ್ಕೆ; ಬಲಗಡೆಯ ಸೀಟಿನಲ್ಲಿ ನಮ್ಮ ಯಜಮಾನರು. ಹದಿನೆಂಟು ವರ್ಷದ ಒಮಾನ್ ವಾಸದಲ್ಲಿ ಅವರು ನಮ್ಮ ಕಾರಿನ ಆ ಬದಿಯಲ್ಲಿ ಕುಳಿತದ್ದು ಅದೇ ಮೊದಲು. ಬೆಲ್ಟ್ ಹಾಕಿಕೊಂಡು, ಗಟ್ಟಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದರು. ನಿಂಬೆಹಣ್ಣು ಪಚಕ್ಕೆಂದಿತು. "ಇಷ್ಟು ಸಲೀಸಾಗಿ ಆಯ್ತು. ಇನ್ನು ಉಳಿದದ್ದು ನೋಡೋಣ," ಎಂದರು.

ಈ ಪ್ರಯಾಣದ ಹಿಂದೆ ಒಂದು ಪಂಥವಿತ್ತು. ಮಸ್ಕತ್‌ನಿಂದ ಎರಡು ಗಂಟೆ ದಾರಿಯ ರುಸ್ತಾಕ್‌ನ ಕಾಲೇಜೊಂದರಲ್ಲಿ ಗಣಿತ ಕಲಿಸುವ ಕೆಲಸ ನನಗೆ ಸಿಕ್ಕಿತ್ತು. ಭಾನುವಾರದೊಳಗೆ ಒಪ್ಪಿಗೆ ತಿಳಿಸಬೇಕು. ಇಷ್ಟು ವರ್ಷ ಊಟದ ಮೇಜಿನ ಮೇಲೆ ಬೇರೆಯವರ ಮಕ್ಕಳಿಗೆ ಟ್ಯೂಷನ್ ಹೇಳಿದವಳಿಗೆ ಇದು ಸಣ್ಣ ಮಾತಲ್ಲ. ಮಗಳು ಓದಲು ಮೈಸೂರಿಗೆ ಹೋಗಿದ್ದಾಳೆ. ಯಜಮಾನರು ದುಕ್ಮ್‌ನಲ್ಲಿ ಎಂಜಿನಿಯರ್. ಎರಡು ವಾರಕ್ಕೊಮ್ಮೆ ಕಂಪನಿ ಬಸ್ಸಿನಲ್ಲಿ ಮನೆಗೆ ಬರುವವರು. ಆದರೂ ನಾನು ರುಸ್ತಾಕ್‌ನಲ್ಲಿ ಮನೆ ಮಾಡುತ್ತೇನೆ ಎಂದಾಗ ಅವರಿಗೆ ಊಟ ಸೇರಲಿಲ್ಲ.

"ಅಲ್ಲಿ ಹಾಲು ತರೋಕೂ ಕಾರು ಬೇಕು ಕಣೆ. ನಿಂಗೆ ಲೈಸೆನ್ಸ್ ಬಂದು ಆರು ತಿಂಗಳಾಗಿಲ್ಲ. ರೂವಿ ಸಿಗ್ನಲ್ ದಾಟೋಕೇ ರಾಘವೇಂದ್ರ ಸ್ವಾಮಿಗಳನ್ನ ಕರೀತೀಯ," ಎಂದರು.

ಅದು ಸುಳ್ಳಲ್ಲ. ಸುಳ್ಳಲ್ಲದ್ದರಿಂದಲೇ ನನಗೆ ರೇಗಿತು. "ರುಸ್ತಾಕ್ ಏನು ಮಹಾ, ಅದರಾಚೆ ಬೆಟ್ಟದ ಮೇಲಿನ ಚಿನ್ನದ ಊರಿಗೇ ಹೋಗಿ ಬರ್ತೀನಿ. ನೀವು ಪಕ್ಕದಲ್ಲಿ ಕೂತಿರಿ. ಒಂದೇ ಒಂದು ಸಲ ಸ್ಟೇರಿಂಗ್ ನಿಮ್ಮ ಕೈಗೆ ಕೊಟ್ರೆ ಆ ಕೆಲಸದ ಮಾತೇ ಎತ್ತಲ್ಲ," ಎಂದುಬಿಟ್ಟೆ. ಆಡಿದ ಮೇಲೆ ಹೆಚ್ಚಾಯಿತೆನಿಸಿತು. ಆದರೆ ಅಷ್ಟರಲ್ಲಿ ಅವರು "ಆಗ್ಲಿ" ಎಂದಾಗಿತ್ತು.

ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದಾರಿ ಒಂದೇ ಕಾರಿನಷ್ಟು ಅಗಲ. ಇದನ್ನು ಓದಿ ನಾಲ್ಕು ಜನ ಹೊರಟರೆ ಮೂರು ಜನ ರಿವರ್ಸ್ ಬರಬೇಕಾಗುತ್ತದೆ. ಇಷ್ಟು ಹೇಳಬಹುದು: ರುಸ್ತಾಕ್‌ನಿಂದ ಸುಮಾರು ನಲವತ್ತು ಕಿಲೋಮೀಟರ್, ವಾದಿಯೊಳಗೆ, ಅಂದರೆ ಎರಡು ಬೆಟ್ಟಗಳ ನಡುವಿನ ಒಣ ಹೊಳೆಯ ಹಾದಿಯಲ್ಲಿ. ಬಹು ಹಿಂದೆ ಅಲ್ಲಿ ತಾಮ್ರ ಕರಗಿಸುತ್ತಿದ್ದರಂತೆ. ನಮ್ಮ ಕಾಲದಲ್ಲಿ ಅದೇ ತಾಮ್ರದ ಜೊತೆ ಚಿನ್ನವೂ ಇದೆಯೆಂದು ಗೊತ್ತಾಗಿ, ಕೆಲವು ವರ್ಷ ಜನ ಇರುವೆಯಂತೆ ಮುತ್ತಿ, ಚಿನ್ನ ಮುಗಿದ ಮೇಲೆ ಚೆದುರಿಹೋದರಂತೆ. ಉಳಿದದ್ದು ದ್ರಾಕ್ಷಿ. ಬೇರೆ ದೇಶವಾಗಿದ್ದರೆ ಇಷ್ಟು ದ್ರಾಕ್ಷಿಗೆ ವೈನ್ ಪೀಪಾಯಿಗಳೂ ರುಚಿ ನೋಡುವ ಪ್ರವಾಸಿಗಳೂ ಇರುತ್ತಿದ್ದರು. ಇಲ್ಲಿ ದ್ರಾಕ್ಷಿ ತಟ್ಟೆಗೆ ಬರುತ್ತದೆ, ಮಿಕ್ಕದ್ದು ವಿನೆಗರ್ ಆಗುತ್ತದೆ.

ಬರ್ಕಾವರೆಗೆ ಎಕ್ಸ್‌ಪ್ರೆಸ್‌ವೇ. ನೂರಿಪ್ಪತ್ತು ಬಿಡಬಹುದಾದ ರಸ್ತೆಯಲ್ಲಿ ನಾನು ತೊಂಬತ್ತರಲ್ಲಿ ಹೋದೆ. ಹಿಂದಿನಿಂದ ಬಂದವರೆಲ್ಲ ದೀಪ ಮಿನುಗಿಸಿ ಪಕ್ಕಕ್ಕೆ ಸರಿದು ಹೋದರು. ಯಜಮಾನರು ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದರು. ಬರ್ಕಾದಲ್ಲಿ ಪೆಟ್ರೋಲ್ ತುಂಬಿಸಿದೆವು, ಎಂಟು ರಿಯಾಲ್ ಚಿಲ್ಲರೆ ಆಯಿತು. ಪಂಪಿನ ಹುಡುಗ ಬಿಲ್ಲನ್ನು ಅಭ್ಯಾಸಬಲದಿಂದ ಅವರತ್ತ ಚಾಚಿದ. ನಾನೇ ಕೈ ನೀಡಿ ತೆಗೆದುಕೊಂಡೆ.

ರುಸ್ತಾಕ್ ತಲುಪಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೋಟೆಯ ಎದುರಿನ ಟೀ ಅಂಗಡಿಯ ಮುಂದೆ ಹಾರ್ನ್ ಹೊಡೆದರೆ ಸಾಕು, ಕರಕ್ ಚಹಾ ಕಾರಿಗೇ ಬರುತ್ತದೆ. ಏಲಕ್ಕಿಯ ಘಮ, ಕಾಗದದ ಲೋಟ, ತಲಾ ನೂರೈವತ್ತು ಬೈಸಾ. ಡಬ್ಬಿಯಲ್ಲಿದ್ದ ಚಿತ್ರಾನ್ನ ತೆಗೆದೆವು. ತಿನ್ನುತ್ತಾ ಅವರು ಊರನ್ನು ನೋಡಿದರು. ಕಾಲೇಜು ಎಲ್ಲಿದೆ ಎಂದು ಮಾತ್ರ ಕೇಳಲಿಲ್ಲ. ನಾನೂ ತೋರಿಸಲಿಲ್ಲ.

ಅಲ್ಲಿಂದ ಮುಂದೆ ಡಾಂಬರು ಸ್ವಲ್ಪ ದೂರಕ್ಕೇ ಮುಗಿಯಿತು. ಆಮೇಲೆ ಜಲ್ಲಿ, ಹೊಳೆಗುಂಡು, ಕೊನೆಗೆ ಬೆಟ್ಟದ ಮೈಗೆ ಅಂಟಿಕೊಂಡ ಮಣ್ಣುದಾರಿ. ಫೋರ್ ವೀಲ್ ಹಾಕಿ ಹತ್ತಿಸಿದೆ. ತಿರುವಿನಲ್ಲಿ ಮುಂದೆ ಬಾನೆಟ್ಟು ಮತ್ತು ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. "ಬೇಕಾದ್ರೆ ಹೇಳು," ಎಂದು ಅವರು ಒಮ್ಮೆ ಮೆಲ್ಲಗೆ ಅಂದರು. ನಾನು ಕೇಳಿಸಿಕೊಳ್ಳದವಳಂತೆ ರಾಘವೇಂದ್ರ ಸ್ವಾಮಿಗಳನ್ನು ಕರೆದೆ.

ಊರು ಇದ್ದಕ್ಕಿದ್ದಂತೆ ಕಂಡಿತು. ಮೊದಲು ಕಂಡದ್ದು ಕರಿ ದಿಬ್ಬಗಳು. ಹತ್ತಿರ ಹೋಗಿ ಒಂದು ತುಂಡು ಎತ್ತಿದೆ. ಗಾಜಿನಂತೆ ಹೊಳೆಯುವ, ಗಾತ್ರಕ್ಕೆ ಮೀರಿದ ಭಾರದ ಕಿಟ್ಟ. ಅದಿರು ಕರಗಿಸಿ ತಾಮ್ರ ತೆಗೆದ ಮೇಲೆ ಬಿಸಾಡಿದ್ದು. ಎಷ್ಟು ತಲೆಮಾರಿನವರು ಉರಿಯ ಮುಂದೆ ಕೂತು ಎಸೆದಿರಬೇಕು, ದಿಬ್ಬದ ಮೇಲೆ ನಿಂತರೆ ಊರೇ ಕೆಳಗೆ ಕಾಣುತ್ತದೆ. ಅದರಾಚೆ ಚಿನ್ನದ ಕಾಲದ ತಗಡಿನ ಶೆಡ್ಡುಗಳು, ಬಾಗಿಲಿಲ್ಲದ ಸಾಲು ಕೋಣೆಗಳು. ಒಂದು ಗೋಡೆಯ ಮೇಲೆ ಮಾಸಿದ ಬಣ್ಣದಲ್ಲಿ ಅರಬ್ಬಿ, ಉರ್ದು, ಮಲಯಾಳಂ ಮೂರರಲ್ಲೂ ಹೋಟೆಲಿನ ಹೆಸರು. ಒಳಗೆ ಆಡಿನ ಹಿಕ್ಕೆ. ಈ ಹಾಳಿನ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಹಸಿರು ದ್ರಾಕ್ಷಿ ಚಪ್ಪರಗಳು. ಪ್ರತಿ ಮೆಟ್ಟಿಲನ್ನೂ ಹಿಡಿದು ನಿಲ್ಲಿಸಿದ್ದು ಅದೇ ಕಿಟ್ಟದ ಗೋಡೆ. ಪಕ್ಕದಲ್ಲಿ ಮೊಳದಗಲದ ಕಾಲುವೆಯಲ್ಲಿ ತಣ್ಣೀರು ಹರಿಯುತ್ತಿತ್ತು. ನಾನು ಚಪ್ಪಲಿ ಬಿಟ್ಟು ಕಾಲಿಟ್ಟೆ, ಬಂದದ್ದಕ್ಕೆ ಇಷ್ಟೇ ಸಾಕೆನಿಸಿತು.

"ತಫದ್ದಲ್, ತಫದ್ದಲ್!" ಎಂದು ಚಪ್ಪರದಡಿಯಿಂದ ಒಬ್ಬ ಮುದುಕರು ಕೂಗಿ ಕರೆದರು. ಹೆಸರು ಹಮದ್. ಚಿನ್ನದ ಕಾಲದಲ್ಲಿ ಲಾರಿ ಓಡಿಸಿದವರು. ಚಾಪೆ ಹಾಸಿ, ಖರ್ಜೂರ ಮತ್ತು ಖಾವಾ, ಅಂದರೆ ಹಾಲಿಲ್ಲದ ಕಾಫಿ, ತಂದವಳು ಅವರ ಮಗಳು ಸಲ್ಮಾ. ನನ್ನದೇ ವಯಸ್ಸು, ಟಿವಿ ನೋಡಿ ಕಲಿತ ಚೊಕ್ಕ ಹಿಂದಿ.

ಒಮಾನಿಗಳ ಪದ್ಧತಿ ಹೀಗೆ: ಬಂದವರು, ಇರುವವರು ಮೊದಲು ಪರಸ್ಪರ "ಏನು ಸುದ್ದಿ?" ಎಂದು ಕೇಳಬೇಕು. ಇಬ್ಬರೂ "ಏನೂ ಇಲ್ಲ, ದೇವರ ದಯೆ, ಎಲ್ಲ ಚೆನ್ನ" ಎನ್ನಬೇಕು. ಮನೆಗೆ ಬೆಂಕಿ ಬಿದ್ದಿದ್ದರೂ ಅಷ್ಟೇ. ಖಾವಾ ಆಗಿ, ಬಟ್ಟಲು ಅಲ್ಲಾಡಿಸಿ ಸಾಕೆಂದ ಮೇಲೆಯೇ ನಿಜ ಸಂಗತಿ. ನಾವೂ ಎಲ್ಲ ಚೆನ್ನ ಎಂದೆವು, ಅವರೂ ಎಲ್ಲ ಚೆನ್ನ ಎಂದರು. ಹಮದ್ ನಿಧಾನವಾಗಿ ಹಳೆಯ ಕಥೆ ಹೇಳಿದರು, ಸಲ್ಮಾ ಹಿಂದಿಗೆ ತಿರುಗಿಸಿದಳು.

"ಚಿನ್ನ ಬಂದಾಗ ಇಲ್ಲಿ ಮೂರು ಹೋಟೆಲ್, ಒಬ್ಬ ಕ್ಷೌರಿಕ. ಎಲ್ಲರೂ ಬಳ್ಳಿ ಒಣಗಲು ಬಿಟ್ಟು ಗಣಿಗೆ ಓಡಿದರು. ಇವಳ ತಾಯಿ ಮಾತ್ರ ಕಾಲುವೆ ನೀರಿನ ಸರದಿ ತಪ್ಪಿಸಲಿಲ್ಲ. ಚಿನ್ನ ಹೋಯಿತು, ಹೋಟೆಲ್ ಹೋಯಿತು. ಅವಳ ಬಳ್ಳಿ ನೋಡಿ," ಎಂದು ತಲೆಯ ಮೇಲೆ ಕೈ ತೋರಿದರು. ಗೊಂಚಲುಗಳು ನಮ್ಮ ತಲೆಗೆ ತಾಗುವಂತಿದ್ದವು.

ಯಜಮಾನರು ಖುಷಿಯಲ್ಲಿ ಬಟ್ಟಲಿನ ಮೇಲೆ ಬಟ್ಟಲು ಖಾವಾ ಹಾಕಿಸಿಕೊಂಡರು. ದುಕ್ಮ್‌ನ ಕ್ಯಾಂಪಿನಲ್ಲಿ ಅವರಿಗೆ ಇಂಥ ಕೂಟ ಎಲ್ಲಿ ಸಿಗಬೇಕು? ಕೊನೆಗೆ ನಾನೇ ಕಣ್ಣು ಸನ್ನೆ ಮಾಡಿ ಬಟ್ಟಲು ಅಲ್ಲಾಡಿಸಲು ಹೇಳಿದೆ. ಅವರ ಬಟ್ಟಲು ಅಲ್ಲಾಡಿದ್ದೇ ತಡ, ಸಲ್ಮಾ ಉಸಿರು ಬಿಟ್ಟು ಹೇಳಿದಳು: ನಸುಕಿನಲ್ಲೇ ಈ ವರ್ಷದ ಕೊನೆಯ ಕೊಯ್ಲು ಆಗಿದೆ. ತನ್ನ ಪಿಕಪ್ಪಿನ ಗೇರ್‌ಬಾಕ್ಸ್ ನಿನ್ನೆ ಕೆಟ್ಟು ನಿಂತಿದೆ. ಊರಿನ ಉಳಿದ ಎರಡು ಗಾಡಿಗಳು ಸೊಹಾರ್‌ಗೆ ಮದುವೆಗೆ ಹೋಗಿವೆ. ದ್ರಾಕ್ಷಿ ಕ್ರೇಟುಗಳು ತೋಟದ ತುದಿಯ ನೆರಳಲ್ಲಿವೆ. ಸಂಜೆಯೊಳಗೆ ರುಸ್ತಾಕ್ ಮಾರುಕಟ್ಟೆ ಸೇರದಿದ್ದರೆ ಈ ಸೆಕೆಗೆ ಹುಳಿಯಾಗುತ್ತವೆ. ನಾನು ನಾಚಿ ನೀರಾದೆ. ನಾವು ಎಲ್ಲ ಚೆನ್ನ ಎನ್ನುತ್ತಾ ಖರ್ಜೂರ ಮೆಲ್ಲುವಾಗ ಆ ಹೆಂಗಸಿನ ವರ್ಷದ ದುಡಿಮೆ ಬಿಸಿಯೇರುತ್ತಿತ್ತು!

"ಭಾಯಿ, ನಿಮ್ಮ ಗಾಡಿಯಲ್ಲಿ ಒಯ್ಯುತ್ತೀರಾ?" ಎಂದು ಆಕೆ ಯಜಮಾನರನ್ನು ಕೇಳಿದಳು.

ಅವರು ನನ್ನ ಕಡೆ ನೋಡಿದರು. "ಡ್ರೈವರ್ ಇವಳು," ಎಂದರು. ಆಮೇಲೆ ಕನ್ನಡದಲ್ಲಿ, "ವಸು, ಬೇರೆಯವರ ಮಾಲು ಕಣೆ. ಇಳಿಜಾರು ಬೇರೆ. ಇಲ್ಲಿಂದ ನಾನು ಓಡಿಸ್ಲಾ? ಪಂಥದ ಲೆಕ್ಕಕ್ಕೆ ಸೇರಿಸೋದು ಬೇಡ," ಎಂದರು. ಅದರಲ್ಲಿ ಕೊಂಕಿರಲಿಲ್ಲ, ನಿಜವಾದ ಕಾಳಜಿಯಿತ್ತು. ಅದಕ್ಕೇ ಕಷ್ಟವಾಯಿತು. ಕೊಟ್ಟುಬಿಡೋಣವೇ ಅನಿಸಿತು, ಸುಳ್ಳೇಕೆ.

ಸಲ್ಮಾಗೆ ಭಾಷೆ ತಿಳಿಯದಿದ್ದರೂ ಮುಖ ತಿಳಿಯಿತು. "ಹತ್ತಿಸಿದ್ದು ನೀನು ತಾನೇ? ಇಳಿಸುವುದೂ ನೀನೇ. ಯಲ್ಲಾ, ನಡಿ," ಎಂದು ಎದ್ದೇಬಿಟ್ಟಳು.

ಕ್ರೇಟುಗಳಿದ್ದ ಜಾಗಕ್ಕೆ ಒಂದು ಓಣಿ. ಒಂದು ಕಡೆ ಕಿಟ್ಟದ ಗೋಡೆ, ಇನ್ನೊಂದು ಕಡೆ ಕಾಲುವೆ, ತುದಿಯಲ್ಲಿ ತಿರುಗಿಸಲು ಜಾಗವಿಲ್ಲ. ಹಿಂದಕ್ಕೇ ಹೋಗಬೇಕು. ಇಲ್ಲಿ ನನ್ನ ಗುಟ್ಟೊಂದು ಹೇಳಬೇಕು. ಒಮಾನಿನಲ್ಲಿ ಲೈಸೆನ್ಸ್ ಕೊಡುವ ಮೊದಲು ಡ್ರಮ್ಮುಗಳ ನಡುವೆ ಕಾರನ್ನು ರಿವರ್ಸ್ ಹಾಕಿಸುತ್ತಾರೆ. ಗಂಡಸರೇ ಅಲ್ಲಿ ಡ್ರಮ್ಮು ಉರುಳಿಸಿ ತಲೆ ತಗ್ಗಿಸಿ ಬರುತ್ತಾರೆ. ನಾನು ಐದು ಸಲ ಫೇಲಾದದ್ದು ರಸ್ತೆ ಪರೀಕ್ಷೆಯಲ್ಲಿ. ಡ್ರಮ್ಮಿನಲ್ಲಿ ಮೊದಲ ಸಲವೇ ಪಾಸು. ಕೋನ ಯಾವುದು, ಎಲ್ಲಿ ಚಕ್ರ ಹೊರಳಿಸಬೇಕು ಎನ್ನುವುದು ಗಣಿತದವಳಿಗೆ ಆಟ. ಎದುರಿಗೆ ಸಿಗ್ನಲ್ಲಾಗಲಿ, ಹಾರ್ನ್ ಹೊಡೆಯುವ ಟ್ಯಾಕ್ಸಿಯಾಗಲಿ ಇಲ್ಲದಿದ್ದರೆ ನನಗೆ ಸಮ ಯಾರೂ ಇಲ್ಲ.

ಯಜಮಾನರು ಹಿಂದೆ ನಿಂತು, "ಬರ್ಲಿ, ಬರ್ಲಿ, ರೈಟು, ಅಯ್ಯೋ ಲೆಫ್ಟು!" ಎಂದು ಕೈಬೀಸತೊಡಗಿದರು. ಹಮದ್ ಬಂದು ಅವರ ಭುಜ ಹಿಡಿದು "ಖಲಾಸ್" ಎಂದು ಪಕ್ಕಕ್ಕೆ ಕೂರಿಸಿದರು. ನಾನು ಎರಡೂ ಕನ್ನಡಿ ನೋಡಿಕೊಂಡು, ಉಸಿರು ಬಿಗಿಹಿಡಿಯದೆ, ಒಂದೇ ಎಳೆತದಲ್ಲಿ ಕಾರನ್ನು ಕ್ರೇಟುಗಳ ಬುಡಕ್ಕೆ ತಂದು ನಿಲ್ಲಿಸಿದೆ. ಗೋಡೆಗೂ ಕನ್ನಡಿಗೂ ನಡುವೆ ಒಂದು ಗೇಣು. ಸಲ್ಮಾ ನಾಲಿಗೆ ಹೊರಳಿಸಿ ಉಲುಲು ಹಾಕಿದಳು, ಮದುವೆಮನೆಯಲ್ಲಿ ಹಾಕುವಂಥದ್ದು. ನನಗೆ ಆದ ಸಂತೋಷವನ್ನು ಹೇಳಲಾರೆ. ಎಂ.ಎಸ್ಸಿ. ಫಲಿತಾಂಶ ಬಂದಾಗಲೂ ಅಷ್ಟಾಗಿರಲಿಲ್ಲ.

ಸೀಟು ಮಡಚಿ ಕ್ರೇಟು ತುಂಬಿದೆವು. ಕೊನೆಯದು ಎಲ್ಲಿಯೂ ಹಿಡಿಸದೆ ಯಜಮಾನರ ತೊಡೆಯೇರಿತು. ಎ.ಸಿ. ಪೂರ್ತಿ ತಿರುಗಿಸಿ, ಕೆಳಗಿನ ಗೇರಿನಲ್ಲಿ ಹೊರಟೆ. ಇಳಿಜಾರಿನಲ್ಲಿ ಬ್ರೇಕು ತುಳಿದರೆ ಕ್ರೇಟುಗಳು ಮುಂದಕ್ಕೆ ಜರುಗುತ್ತವೆ. ಹಾಗಾಗಿ ಎಂಜಿನ್ನಿಗೇ ಬಿಗಿ ಹಿಡಿಯಲು ಬಿಟ್ಟು, ತಿರುವಿಗೆ ಮೊದಲೇ ನಿಧಾನಿಸಿ, ಬಾಣಂತಿಯನ್ನು ಮನೆಗೆ ಕರೆತರುವವಳಂತೆ ಇಳಿಸಿದೆ. ಅರ್ಧ ದಾರಿಯಲ್ಲಿ ಎದುರಿಗೊಂದು ನೀರಿನ ಟ್ಯಾಂಕರ್ ಬಂತು. ಅದರ ಚಾಲಕ ಕೈ ಚೆಲ್ಲಿ ನಿಂತ. ನಾನು ಮತ್ತೆ ಹಿಂದಕ್ಕೆ ಏರಿ, ಬೆಟ್ಟದ ಬಗಲಿಗೆ ಒತ್ತಿ ಅವನಿಗೆ ದಾರಿ ಬಿಟ್ಟೆ. ಅವನು ಹಣೆಗೆ ಕೈ ಹಚ್ಚಿ ಸಲಾಂ ಮಾಡಿ ಹೋದ. ಯಜಮಾನರು ಕ್ರೇಟಿನ ಮೇಲೆ ಗಲ್ಲವಿಟ್ಟುಕೊಂಡು ಇದೆಲ್ಲ ನೋಡುತ್ತಿದ್ದರು. ಬಾಯಿ ಬಿಟ್ಟದ್ದು ಒಮ್ಮೆ ಮಾತ್ರ, "ಒಂದು ಹಣ್ಣು ತಿನ್ಬಹುದಾ?" ಎಂದು ಕೇಳಲು. ಕೂಡದು ಎಂದೆ.

ರುಸ್ತಾಕ್ ಮಾರುಕಟ್ಟೆ ಜುಮ್ಮಾ ನಮಾಜು ಮುಗಿದು ಆಗತಾನೇ ಬಾಗಿಲು ತೆರೆಯುತ್ತಿತ್ತು. ಸಲ್ಮಾ ಹೇಳಿದ ಹಣ್ಣಿನಂಗಡಿಯವರು ಉಸ್ಮಾನ್ ಎಂಬ ಹಿರಿಯರು. ನಾವಿಬ್ಬರು ಮಾತಾಡಿಕೊಳ್ಳುವುದು ಕೇಳಿ ಮುಖ ಅರಳಿಸಿದರು. ವಿಟ್ಲದ ಕಡೆಯ ಬ್ಯಾರಿಗಳು!

"ಎಂತ ಮಾರಾಯ್ರೆ, ನಮ್ಮ ಊರಿನವರಾ? ಒಬ್ಬರು ಹೆಂಗಸು ತರ್ತಾರೆ ಅಂತ ಸಲ್ಮಾ ಫೋನ್ ಮಾಡಿದಾಗ ನಾನು ನಂಬ್ಲೇ ಇಲ್ಲ. ಆ ದಾರಿಗೆ ಹೋಗ್ಲಿಕ್ಕೆ ಇಲ್ಲಿಯ ಗಂಡಸರೇ ಹಿಂದೆಮುಂದೆ ನೋಡ್ತಾರೆ," ಎನ್ನುತ್ತಾ ಒಂದೊಂದೇ ಕ್ರೇಟು ಇಳಿಸಿ, ಕೈಯಾಡಿಸಿ ನೋಡಿದರು. ಒಡೆದದ್ದು ಬೆರಳೆಣಿಕೆಯ ಹಣ್ಣು. ಒಂದು ಗೊಂಚಲು ತೊಳೆದು ನಮ್ಮ ಮುಂದಿಟ್ಟರು. ಯಜಮಾನರು ಕಣ್ಣು ಮುಚ್ಚಿ ತಿಂದರು.

"ಸಲ್ಮಾಳ ಗಾಡಿ ಇನ್ನು ಯಾವಾಗ ರಿಪೇರಿ ಆಗ್ತದೋ. ಮುಂದಿನ ತಿಂಗಳು ಅಲ್ಲಿಂದ ದಾಳಿಂಬೆ ಬರ್ಬೇಕು," ಎಂದರು ಉಸ್ಮಾನ್. "ಆದ್ರೆ ನೀವು ಮಸ್ಕತ್‌ನವರು, ಅಷ್ಟು ದೂರದಿಂದ ನಿಮ್ಮನ್ನು ಕರೀಲಿಕ್ಕಾಗ್ತದಾ?"

ನಾನು ಯಜಮಾನರತ್ತ ನೋಡಲಿಲ್ಲ. ಅಪ್ಪಣೆ ಕೇಳುವ ಗಳಿಗೆ ಎಲ್ಲೋ ಆ ಓಣಿಯಲ್ಲೇ ಮುಗಿದಿತ್ತು. "ಒಂದನೇ ತಾರೀಕಿನಿಂದ ನಾನು ಇಲ್ಲಿಯವಳೇ. ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಫೋನ್ ಮಾಡಿ, ತಂದುಕೊಡ್ತೀನಿ," ಎಂದೆ. ಮಾತು ಗಟ್ಟಿಯಾಗಿಯೇ ಬಂತು.

"ಓ, ಟೀಚರಾ! ಮನೆ ಎಲ್ಲಿ ಮಾಡಿದ್ದೀರಿ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಉತ್ತರ ಬಂತು. "ಅದನ್ನೇ ನಿಮ್ಮನ್ನ ಕೇಳೋಣ ಅಂತಿದ್ದೆ ಸಾಹೇಬ್ರೆ," ಎಂದರು ಯಜಮಾನರು, ದ್ರಾಕ್ಷಿಯ ರಸ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಾ. "ಸಣ್ಣದಾದ್ರೂ ಪರವಾಗಿಲ್ಲ. ಕಾರು ನಿಲ್ಲಿಸೋಕೆ ನೆರಳಿರೋ ಜಾಗ ಮಾತ್ರ ಬೇಕೇ ಬೇಕು. ನಾನು ದುಕ್ಮ್‌ನಿಂದ ಬಂದಾಗ ಇವಳು ಬಸ್‌ಸ್ಟ್ಯಾಂಡಿಗೆ ಬಂದು ಕರ್ಕೊಂಡು ಹೋಗ್ಬೇಕಲ್ಲ."