ಅಟ್ಟದಲ್ಲಿ ಸಿಕ್ಕ ಹೆಡ್‌ಫೋನು

ಮೊನ್ನೆ ಅಟ್ಟದ ಹಳೇ ಹಲಗೆ ಕೀಳಿಸುವಾಗ ಸಂದಿಯಲ್ಲಿ ಒಂದು ಕಪ್ಪು ಹೆಡ್‌ಫೋನು ಸಿಕ್ಕಿತು. ಕಿವಿಗೆ ಒತ್ತುವ ಮೆತ್ತೆ ಪುಡಿಪುಡಿಯಾಗಿತ್ತು. ಮೂಸಿದರೆ ಬರೀ ಕೊಬ್ಬರಿ ವಾಸನೆ. ಯಾರದೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ನಮ್ಮ ಮಹಡಿಯ ರೂಮಿನಲ್ಲಿ ಕೆಲವು ವರ್ಷಗಳ ಹಿಂದೆ ಬಾಡಿಗೆಗೆ ಇದ್ದವಳದು ಅದು. ಯಾವುದೋ ಚಳಿ ದೇಶದವಳು. ಇಂಟರ್ನೆಟ್ ಇದ್ದರೆ ಸಾಕು, ಎಲ್ಲಿ ಕೂತರೂ ತನ್ನ ಕೆಲಸ ನಡೆಯುತ್ತದೆ ಎನ್ನುತ್ತಿದ್ದಳು. ಸಮುದ್ರ ಇರುವ ಊರುಗಳು ದುಬಾರಿಯಂತೆ, ಅಲ್ಲೆಲ್ಲ ಅವಳಂಥವರೇ ತುಂಬಿರುತ್ತಾರಂತೆ. ತಿಪಟೂರು ಅಗ್ಗ, ಇಲ್ಲಿಗೆ ಯಾರೂ ಬರುವುದಿಲ್ಲ, ಅದಕ್ಕೇ ಇಷ್ಟ ಎಂದಳು. ಇದು ಹೊಗಳಿಕೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ರೂಮು ರಸ್ತೆಯ ಕಡೆಗಿತ್ತು, ಒಂದೇ ಸಮನೆ ಗಲಾಟೆ. ಮೀಟಿಂಗ್ ಇದ್ದಾಗ ಅವಳು ಪಕ್ಕದ ಅಟ್ಟಕ್ಕೆ ಹೋಗಿ ಕಾಯಿ ರಾಶಿಯ ನಡುವೆ ಚಾಪೆ ಹಾಕಿಕೊಂಡು ಕೂರುತ್ತಿದ್ದಳು. ಕೊಬ್ಬರಿಗೆಂದು ಬಿಟ್ಟ ಕಾಯಿಯನ್ನು ನಾವು ತಿಂಗಳುಗಟ್ಟಲೆ ಕದಲಿಸುವುದಿಲ್ಲ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅಲ್ಲಿಯವರೆಗೆ ಅಟ್ಟದಲ್ಲಿ ಸದ್ದೇ ಇರುವುದಿಲ್ಲ.

"ಕಾಯಿಗೆ ಪಾಠ ಹೇಳ್ಕೊಡ್ತವ್ಳೆ ಕಣೇ," ಎಂದು ನಮ್ಮತ್ತೆ ನಗುತ್ತಿದ್ದರು.

ಒಂದು ಬೆಳಿಗ್ಗೆ ಹಾಲಿಗೆ ಪಾತ್ರೆ ಹಿಡಿದು ಕೆಳಗೆ ಬಂದವಳು ಇಂಗ್ಲಿಷಿನಲ್ಲಿ ನನ್ನ ಹತ್ತಿರ, ಇವತ್ತು ನೀರಿನ ಮೋಟಾರು ಸ್ವಲ್ಪ ತಡವಾಗಿ ಹಾಕುತ್ತೀರಾ, ಮುಖ್ಯವಾದ ಮೀಟಿಂಗ್ ಇದೆ ಎಂದಳು. ಆಮೇಲೆ ಹಾಲು ಚೆಲ್ಲದ ಹಾಗೆ ಮೆಟ್ಟಿಲು ಹತ್ತುತ್ತಾ, ನಿನ್ನೆ ನಮ್ಮಮ್ಮ ತೀರಿಕೊಂಡರು ಎಂದಳು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದಳು. ಊರಿಗೆ ಹೋಗಲ್ವಾ ಅಂದೆ. ಇಲ್ಲ, ಎಲ್ಲ ಅಕ್ಕನೇ ನೋಡಿಕೊಳ್ಳುತ್ತಾಳೆ ಅಂದಳು.

ನಾನು ಅತ್ತೆಗೆ ಹೇಳಿದೆ. ಅವರು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರು.

"ತಲೆಗೆ ನೀರು ಹಾಕ್ಕೊಂಡ್ಲಂತಾ?"

"ಅವ್ರಲ್ಲಿ ಹಂಗೆಲ್ಲ ಇಲ್ಲ ಅತ್ತೆ."

"ಅವ್ರಲ್ಲಿ ಇಲ್ದಿದ್ರೆ ಬುಡು, ಇರೋದು ನಮ್ಮನೇಲಿ ತಾನೆ? ಸಾವಿನ ಸುದ್ದಿ ಕಿವಿಗೆ ಬಿತ್ತು ಅಂದ್ರೆ ತಲೆಗೆ ನೀರು ಬೀಳ್ಬೇಕು ಕಣೇ. ಹೆತ್ತವ್ವ ಅಲ್ವಾ."

ಎನ್ನುತ್ತಾ ಅಟ್ಟಕ್ಕೆ ಹೊರಟೇಬಿಟ್ಟರು. ಬೇಡ ಎಂದು ನಾನು ಹಿಂದೆಯೇ ಓಡಿದೆ. ನಮ್ಮತ್ತೆ ನನ್ನ ಮಾತು ಕೇಳಿದ್ದು ಯಾವಾಗ? ಅಟ್ಟದಲ್ಲಿ ಅವಳು ಪರದೆಯೊಳಗಿನ ಮುಖಗಳ ಜೊತೆ ಮಾತಾಡುತ್ತಿದ್ದಳು. ಅತ್ತೆ ಅವಳ ಕಿವಿಯಿಂದ ಹೆಡ್‌ಫೋನು ಕಿತ್ತು ಕಾಯಿ ರಾಶಿಯ ಮೇಲಿಟ್ಟರು. ಅದು ಎಲ್ಲೋ ಉರುಳಿಹೋಯಿತು. ಕೈ ಹಿಡಿದು ಹಿತ್ತಿಲಿಗೆ ಕರೆತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಸುರಿದರು. ಅವಳು ಕೂಗಾಡುತ್ತಾಳೆ ಅಂದುಕೊಂಡೆ. ಕಣ್ಣು ಮುಚ್ಚಿ, ಕಲ್ಲಿನ ಅಂಚು ಹಿಡಿದು ಕೂತಿದ್ದಳು. ಅಳಲೂ ಇಲ್ಲ. ನೀರು ನಿಂತ ಮೇಲೆ, ಇನ್ನು ಕೆಲಸಕ್ಕೆ ಹೋಗಬಹುದಾ ಎಂದು ನನ್ನನ್ನು ಕೇಳಿದಳು.

"ಇವತ್ತು ಬ್ಯಾಡ ಕಣವ್ವ," ಎಂದರು ಅತ್ತೆ. ಅದಕ್ಕೆ ನಾನು ಅನುವಾದ ಮಾಡಬೇಕಾಗಲಿಲ್ಲ.

ಸಾವಾದ ದಿನ ಒಲೆ ಹಚ್ಚಬಾರದೆಂದು ಅತ್ತೆ ಅವತ್ತು ಅವಳ ಸ್ಟೌ ಹಚ್ಚಗೊಡಲಿಲ್ಲ. ಪಕ್ಕದ ಮನೆಯವಳು ಮುದ್ದೆ, ಸಾರು ತಂದುಕೊಟ್ಟಳು. ಇವಳು ಸಂಜೆಯವರೆಗೂ ಹಿತ್ತಿಲಲ್ಲೇ ಕೂತಿದ್ದಳು...

ಹೆಡ್‌ಫೋನಿಗೆಂದು ರಾಶಿ ಕೆದಕಲು ಅತ್ತೆ ಬಿಡಲಿಲ್ಲ, ಕಾಯಿ ಇಳಿಸುವಾಗ ಸಿಗುತ್ತದೆ ಎಂದರು. ಇಳಿಸಿದಾಗಲೂ ಸಿಗಲಿಲ್ಲ. ಆ ಹೊತ್ತಿಗೆ ಅವಳೇ ಹೊರಟುಹೋಗಿದ್ದಳು, ಇನ್ನೊಂದು ದೇಶದ ಇನ್ನೊಂದು ಅಗ್ಗದ ಊರಿಗೆ. ಹೋಗುವ ದಿನ ನನ್ನ ಹತ್ತಿರ ಒಂದು ಮಾತು ಹೇಳಿದಳು. "ಅಮ್ಮ ಸತ್ತಳು ಅಂದಿದ್ದರೆ ಆಫೀಸಿನವರು ರಜೆ ಕೊಡುತ್ತಿದ್ದರು. ಕೇಳಬೇಕು ಅಂತಲೇ ಅನ್ನಿಸಲಿಲ್ಲ."

ಹೋದ ವರ್ಷ ಅತ್ತೆ ತೀರಿಕೊಂಡಾಗ ಅವಳಿಗೊಂದು ಮೆಸೇಜ್ ಹಾಕಿದ್ದೆ. ಉತ್ತರಕ್ಕೆ ಒಂದು ಫೋಟೊ ಬಂತು. ಯಾವುದೋ ಊರಿನ ಬಾತ್‌ರೂಮಿನ ಕನ್ನಡಿ, ಅದರಲ್ಲಿ ಅವಳು, ಒದ್ದೆ ತಲೆ, ಒದ್ದೆ ಅಂಗಿ. ಒಂದಕ್ಷರವೂ ಬರೆದಿರಲಿಲ್ಲ. ಅವತ್ತು ಮನೆ ತುಂಬ ನೆಂಟರು. ನೋಡಿ ಫೋನು ಪಕ್ಕಕ್ಕಿಟ್ಟೆ.

ಮೊನ್ನೆ ಹೆಡ್‌ಫೋನಿನ ಫೋಟೊ ತೆಗೆದು, ನಿನ್ನ ವಸ್ತು ಸಿಕ್ಕಿತು ನೋಡು ಎಂದು ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಬರೆದವಳು ಅವಳ ಅಕ್ಕ. ತಂಗಿ ಬೇಸಿಗೆಯಲ್ಲೇ ತೀರಿಹೋದಳಂತೆ, ಕಾಯಿಲೆಯಂತೆ. ತಡವಾಗಿ ತಿಳಿಸಿದ್ದಕ್ಕೆ ಕ್ಷಮಿಸಿ ಎಂದಿತ್ತು.

ಓದಿದೆ. ಅಕ್ಕಿ ಆರಿಸುತ್ತಿದ್ದೆ, ಅದನ್ನು ಮುಗಿಸಿದೆ. ಏನೂ ಅನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ. ಬಾಡಿಗೆಗೆ ಇದ್ದವಳು ಸತ್ತರೆ ನಮಗೆ ಸೂತಕ ಬರುತ್ತದೋ ಇಲ್ಲವೋ ಎಂದು ಕೇಳಲು ಅತ್ತೆಯೂ ಇಲ್ಲ... ಎದ್ದು ಹಿತ್ತಿಲಿಗೆ ಹೋದೆ. ಅದೇ ಕಲ್ಲಿನ ಮೇಲೆ ಕೂತು ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡೆ.

ಪಕ್ಕದ ಮನೆಯವಳು ಗೋಡೆಯ ಮೇಲಿಂದ ನೋಡಿದಳು. "ಯಾಕಕ್ಕ, ಯಾರು ಹೋದ್ರು?"

"ನಮ್ಮನೆಯೋಳು ಕಣೇ," ಎಂದೆ.

ಸಂಜೆ ಅವಳೇ ಮುದ್ದೆ, ಸಾರು ತಂದುಕೊಟ್ಟಳು.