ಪಾಲು ಮೈನಸ್ ಆಪ್ದ್ ಹ್ಯಾಂಗೆ?

ಮೊನ್ನೆ ಬೀಜಾಡಿಯ ಕಡಲ ಬದಿಗೆ ಹೋದಾಗ, ದಡಕ್ಕೆಳೆದ ಬಲೆಯ ಮೀನನ್ನು ಮರಳ ಮೇಲೆ ಗುಡ್ಡೆಗುಡ್ಡೆಯಾಗಿ ಪಾಲು ಹಾಕುತ್ತಿದ್ದರು. ದೋಣಿಗೆ, ಬಲೆಗೆ, ಎಳೆದವರಿಗೆ. ಹಸಿಮೀನಿನ ವಾಸನೆ ಮೂಗಿಗೆ ಬಡಿದದ್ದೇ, ನೋಡಿ, ನನಗೆ ನೆನಪಾದದ್ದು ಊಟವಲ್ಲ, ಬೀಜಗಣಿತ. ಲೆಕ್ಕಕ್ಕೆ ಹೆದರಿಯೇ ಕನ್ನಡ ಮೇಷ್ಟ್ರಾದವ ನಾನು.

ನಾನು ಹಿಂದೆ ಕಲಿಸುತ್ತಿದ್ದ, ಉಪ್ಪುಂದದ ಕಡೆಯ ಒಂದು ಹೈಸ್ಕೂಲು. ಅಂದು ಸ್ಟಾಫ್‌ರೂಮಿನಲ್ಲಿದ್ದವರು ಮೂವರು: ಉತ್ತರಪತ್ರಿಕೆಯ ಕಟ್ಟು ಬಿಚ್ಚಿಕೊಂಡ ಗಣಿತದ ಭಾಸ್ಕರ ಮೇಷ್ಟ್ರು, ಬ್ರಹ್ಮಾವರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಇನ್ನೊಬ್ಬ ಗಣಿತದ ಟೀಚರ್ ಸುಮನಾ, ಚಹಾದ ನೆಪದಲ್ಲಿ ಕಿವಿಗೊಟ್ಟು ಕೂತ ನಾನು. ಹತ್ತನೆಯ ತರಗತಿಯ ಹಿಂದುಳಿದವರನ್ನು ಸೋಮವಾರದಿಂದ ‘ಪಾಸಿಂಗ್ ಪ್ಯಾಕೇಜ್’ಗೆ ಹಾಕುವುದಿತ್ತು. ಅಂದರೆ ಬೇರೆ ಕೋಣೆ. ನಕ್ಷೆ, ಪ್ರಮೇಯ ಬಾಯಿಪಾಠ. ಸಮೀಕರಣದ ಗೊಡವೆಯೇ ಇಲ್ಲ. ಪಾಸೇನೋ ಆಗುತ್ತಾರೆ. ಆದರೆ ಮುಂದೆ ವಿಜ್ಞಾನ ಓದುವ ಆಸೆ ಅಲ್ಲಿಗೇ ಮುಗಿದಂತೆ. ಬಲೆ ಎಳೆಯುವವರ ಮನೆಯ ನಾಗರತ್ನಳಿಗೆ ಆ ಆಸೆ ಇತ್ತು.

“ಕಾಣಿ ಟೀಚರೇ, 2x + 9 = 3ಕ್ಕೆ ನಾಗರತ್ನ ಬರ್ದದ್. ‘ಆಗುವುದಿಲ್ಲ’ ಅಂಬ್ರ್. ಪ್ಯಾಕೇಜಿಗ್ ಹಾಕುದೇ ಲಾಯ್ಕ್,” ಎಂದರು ಭಾಸ್ಕರ ಮೇಷ್ಟ್ರು.

“ಎಂತಕ್ಕೆ ಆತಿಲ್ಲೆ ಅಂದೇಳಿ ಕೇಂಡ್ರ್ಯಾ?”

“ಕೇಂಬುದೆಂತ ಮಾರಾಯ್ರೆ? ತಪ್ಪ್ ತಪ್ಪೇ.”

ಹೀಗೆ ಕೇಳದೆ ತಿದ್ದುವವರನ್ನು ನನ್ನ ಅಜ್ಜಿ ‘ಬಾಯಿ ನೋಡದೆ ಹಲ್ಲು ಕೀಳುವವರು’ ಎನ್ನುತ್ತಿದ್ದಳು. ನಾನು ಅದನ್ನು ಅಲ್ಲಿ ಹೇಳಲಿಲ್ಲ; ಚಹಾ ಇನ್ನೂ ಅರ್ಧವಿತ್ತು.

ಸುಮನಾ ಟೀಚರ್ ಹುಡುಗಿಯನ್ನೇ ಕರೆಸಿದರು. ಮೊದಲು, ಅವಳು ಸರಿಮಾಡಿದ್ದ ಲೆಕ್ಕವೊಂದನ್ನು ಕೇಳಿದರು: 3x + 4 = x + 10.

“ಎಕ್ಸ್ ಅಂದ್ರೆ ಒಂದ್ ಪಾಲ್ ಮೀನ್. ಎರಡೂ ಬದಿಯಿಂದ ಒಂದೊಂದ್ ಪಾಲ್ ತೆಗ್ದೆ. ಮತ್ತೆ ನಾಲ್ಕ್ ನಾಲ್ಕ್ ಮೀನ್ ತೆಗ್ದೆ. ಎರಡ್ ಪಾಲಿಗ್ ಆರ್. ಒಂದಕ್ಕೆ ಮೂರ್.”

“ನಾ ಇದನ್ನ್ ಕಾಪಿ ಅಂದ್ಕಂಡಿದ್ದೆ,” ಎಂದು ಭಾಸ್ಕರ ಮೇಷ್ಟ್ರು ತಮ್ಮಷ್ಟಕ್ಕೇ ಗೊಣಗಿದರು.

“ಮತ್ತೆ 2x + 9 = 3 ಎಂತಕ್ಕೆ ಆತಿಲ್ಲೆ?” ಸುಮನಾ ಟೀಚರ್ ಕೇಳಿದರು.

“ಒಂಬತ್ತ್ ಮೀನ್ ಎದ್ರಿಗೇ ಇತ್ತಲೆ ಟೀಚರ್. ಅದ್ರ್ ಮೇಲ್ ಎರಡ್ ಪಾಲ್ ಬೇರೆ. ಒಟ್ಟ್ ಮೂರೇ ಅಂದ್ರೆ? ಪಾಲು ಮೈನಸ್ ಆಪ್ದ್ ಹ್ಯಾಂಗೆ?”

ಸುಮನಾ ಟೀಚರ್ ಕಿಟಕಿಯಾಚೆಯ ಹೊಳೆಯತ್ತ ಕೈ ತೋರಿಸಿದರು.

“ಮೀನ್ ಬಿಡ್. ಹೊಳಿ ನೀರ್ ಕಂಬದ್ ಒಂಬತ್ತರ ಗುರ್ತಲ್ಲಿತ್ತ್. ಎರಡ್ ಗಂಟಿ ಕಳ್ದ್ ಕಂಡ್ರೆ ಮೂರ್. ಗಂಟಿಗ್ ಎಷ್ಟ್ ಏರ್ತ್?”

ಹುಡುಗಿ ನಕ್ಕಳು. “ಏರ್ಲಿಲ್ಲೆ ಟೀಚರ್, ಇಳ್ದದ್. ಗಂಟಿಗ್ ಮೂರ್.” ನಗು ಅಲ್ಲೇ ನಿಂತಿತು. ನಿಧಾನಕ್ಕೆ ಕೇಳಿದಳು: “ಅಂದ್ರೆ ಮೈನಸ್ ಮೂರ್. ಹಂಗಾರೆ ಎಕ್ಸ್ ಅಂದ್ರೆ ಪಾಲೇ ಆಯ್ಕ್ ಅಂದೇಳಿ ಇಲ್ಯಾ?”

“ಇಲ್ಲೆ.”

ಭಾಸ್ಕರ ಮೇಷ್ಟ್ರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಅವಳ ‘ಆಗುವುದಿಲ್ಲ’ ಎಂಬ ಆ ಒಂದು ಪದದ ಹಿಂದೆ ಒಂದಿಡೀ ಕಡಲತೀರದ ನ್ಯಾಯವಿತ್ತಲ್ಲ ಎಂದು ನಾನು ಯೋಚಿಸುತ್ತಾ ಕೂತೆ. ಈಗ ಮಕ್ಕಳ ಪ್ರಬಂಧದಲ್ಲಿ ವಿಚಿತ್ರ ವಾಕ್ಯ ಕಂಡರೆ ನಾನೂ ಗೀಟು ಹಾಕುವ ಮೊದಲು ಕರೆದು ಕೇಳುತ್ತೇನೆ.

ಸೋಮವಾರ ಗಂಟೆ ಹೊಡೆಯಿತು. ಪ್ಯಾಕೇಜಿನ ಮಕ್ಕಳು ಬೇರೆ ಕೋಣೆಗೆ ಹೊರಟರು. ನಾಗರತ್ನಳೂ ಚೀಲ ಹೆಗಲಿಗೇರಿಸಿ ಅವರ ಹಿಂದೆ ನಡೆದಳು. ತರಗತಿಯ ಬಾಗಿಲಲ್ಲಿ ಭಾಸ್ಕರ ಮೇಷ್ಟ್ರು ನಿಂತಿದ್ದರು.

“ನೀ ಎಲ್ಲಿಗ್ ಹೊರ್ಟದ್ ಹೆಣೆ? ಕೂಕೋ. ಇವತ್ತ್ ಸಮೀಕರಣ.”