ಟ್ರಂಕಿನೊಳಗಿನ ಗಿಟಾರು

ಮೊಮ್ಮಗಳು ಎಲ್ಲಿಂದಲೋ ಒಂದು ಹಳೆಯ ಆಂಪ್ಲಿಫೈಯರ್ ತಂದಿದ್ದಾಳೆ. ಒಳಗೆ ಗಾಜಿನ ವಾಲ್ವುಗಳಿರುವಂಥದ್ದು. ಮೊನ್ನೆ ಮಧ್ಯಾಹ್ನ ಅದನ್ನು ಚಾಲೂ ಮಾಡಿದಳು. ಸ್ವಲ್ಪ ಹೊತ್ತಿಗೆ ವಾಲ್ವುಗಳು ಕಾದು, ಅವುಗಳ ಮೇಲೆ ಕೂತಿದ್ದ ಧೂಳು ಸುಡುವ ವಾಸನೆ ಅಡುಗೆಮನೆಯ ತನಕ ಬಂತು. ಬೇಳೆ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಕುಳಿತೆ.

"ಅಜ್ಜಿ, ಸ್ಮೆಲ್ ಜಾಸ್ತಿ ಆಯ್ತಾ? ಬಂದ್ ಮಾಡ್ಲಾ?" ಎಂದಳು. ಬೇಡ ಎಂದೆ. ಅಷ್ಟರಲ್ಲಿ ನಾನು ಮುಲುಂಡಿನ ಹಳೆಯ ಚಾಳಿಗೆ, ಗಿಟಾರ್ ಮಾಸ್ತರರ ಖೋಲಿಗೆ ಹೋಗಿಬಿಟ್ಟಿದ್ದೆ...

ಐವತ್ತರ ದಶಕದ ನಡುವಿನ ಮಾತು. ನಮ್ಮ ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಮದುವೆಯಾಗಿ ಮುಂಬಯಿಗೆ ಬಂದ ನಾನು ಪರರಾಜ್ಯಕ್ಕೇನೂ ಬಂದಿರಲಿಲ್ಲ; ಆದರೂ ನನಗೆ ಹಾಗೇ ಅನಿಸುತ್ತಿತ್ತು. ನನ್ನವರು ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತರು. ಬೆಳಗ್ಗೆ ಲೋಕಲ್ ಹಿಡಿದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಹಗಲೆಲ್ಲ ನಾನು ಮತ್ತು ಆಗಷ್ಟೇ ಓಡಲು ಕಲಿತಿದ್ದ ನನ್ನ ಮಗಳು. ಕನ್ನಡ ಕೇಳಬೇಕೆಂದರೆ ಗೋಡೆಯಾಚೆ ಮಾಸ್ತರರು ಮತ್ತು ಅವರ ಹೆಂಡತಿ.

ಚಾಳಿನವರೆಲ್ಲ ಮಾಸ್ತರರೆನ್ನುತ್ತಿದ್ದ ಅವರು ಉಡುಪಿ ಕಡೆಯವರು. ಹುಡುಗನಾಗಿದ್ದಾಗಲೇ ಹೋಟೆಲ್ ಕೆಲಸಕ್ಕೆ ಬಂದು, ಆಗ ಫೋರ್ಟಿನ ಒಂದು ಹೋಟೆಲಿನಲ್ಲಿ ಬೆಳಗಿನ ಪಾಳಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಗಿಟಾರನ್ನು ಗೋವಾದ ಒಬ್ಬರಿಂದ ಕಲಿತದ್ದು. ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಕರೆಂಟಿನ ಗಿಟಾರು. ಮದುವೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. ಅಲ್ಲಿ ಊಟದ ಗದ್ದಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಸಿನಿಮಾ ಸ್ಟುಡಿಯೋದವರೊಬ್ಬರು ಒಮ್ಮೆ ನಿಂತು ಕೇಳಿ, ಟೇಪಿನಲ್ಲಿ ಏನಾದರೂ ನುಡಿಸಿ ತಂದುಕೊಡಿ, ನೋಡೋಣ ಎಂದಿದ್ದರಂತೆ. ಆ ಒಂದು ಮಾತನ್ನು ಹಿಡಿದುಕೊಂಡು ಆ ಮನುಷ್ಯ ವರ್ಷಗಟ್ಟಲೆ ಬದುಕಿದರು. ಯಾರೋ ಪಾರ್ಸಿ ಗೃಹಸ್ಥರು ಮನೆ ಖಾಲಿ ಮಾಡುವಾಗ ಕೊಟ್ಟ ಟೇಪ್ ರೆಕಾರ್ಡರ್ ಒಂದು ಅವರ ಮಂಚದ ಕೆಳಗಿತ್ತು.

ಆದರೆ ಚಾಳಿನಲ್ಲಿ ನುಡಿಸುವುದು ಹೇಗೆ? ನೇರ ಕೆಳಗಿನ ಖೋಲಿಯಲ್ಲಿ ಎದೆಯ ಕಾಯಿಲೆಯ ಮುದುಕರೊಬ್ಬರು ಮಲಗಿದಲ್ಲೇ ಇದ್ದರು. ಮೆಲ್ಲಗೆ ನುಡಿಸಬಾರದೇ ಎಂದು ನಾನೇ ಒಮ್ಮೆ ಕೇಳಿದೆ.

"ಇದಕ್ಕೆ ಮೆಲ್ಲಗೆ ಮಾತಾಡ್ಲಿಕ್ಕೆ ಬರುದಿಲ್ಲ ಅಕ್ಕ. ವಾಲ್ವು ಸರಿ ಬಿಸಿ ಆಗಿ, ಗಂಟಲು ಬಿಟ್ರೆ ಮಾತ್ರ ಹಾಡ್ತದೆ. ಇಲ್ಲದಿದ್ರೆ ಮುನಿಸ್ಕೊಂಡು ಕೂತ ಹಾಗೆ" ಎಂದರು.

ಕೊನೆಗೆ ಅವರು ಕಂಡುಕೊಂಡ ಉಪಾಯ ನೋಡಿ ಚಾಳಿನ ಹೆಂಗಸರೆಲ್ಲ ನಕ್ಕಿದ್ದೆವು. ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ ಉದ್ದ ವಾಯರ್ ಕಟ್ಟಿ, ಹೆಂಡತಿಯ ಮದುವೆಯ ಟ್ರಂಕನ್ನು ಖಾಲಿ ಮಾಡಿ ಅದರೊಳಗೆ ಇಳಿಸಿದರು. ಅದರ ಎದುರಿಗೆ ಮೈಕು. ಸುತ್ತಲೂ ದಿಂಬು, ಹಳೆಯ ಸೀರೆ, ಗೋಣಿಚೀಲ ತುರುಕಿ ಮುಚ್ಚಳ ಹಾಕಿದರು. ಅದೂ ಸಾಲದಾದಾಗ ನನ್ನಲ್ಲಿ ಕೇಳಿದರು. ಬಾಣಂತನದಲ್ಲಿ ಕೂಸಿಗೆ ಹೊದಿಸಲೆಂದು ತವರಿನಲ್ಲಿ ಅವ್ವ ಹಳೆಯ ಸೀರೆ ಸೇರಿಸಿ ಹೊಲಿದಿದ್ದ ಕೌದಿಯನ್ನು ಕೊಟ್ಟೆ. ಮಧ್ಯಾಹ್ನ ಚಾಳು ಮಲಗಿ, ನಳದ ನೀರು ಬರುವ ಮೊದಲಿನ ಬಿಡುವಿನಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ನುಡಿಸುತ್ತಿದ್ದರು. ಬಾಗಿಲಲ್ಲಿ ನಿಂತ ನಮಗೆ ಕೇಳಿಸುತ್ತಿದ್ದದ್ದು ತಂತಿಯ ಸಣ್ಣ ಟಿಣ್ ಟಿಣ್ ಮಾತ್ರ, ಮತ್ತೆ ಬಾವಿಯೊಳಗಿಂದ ಬಂದಂಥ ಒಂದು ಗುಂಯ್ ಸದ್ದು. ಒಂದೇ ಟೇಪು. ನುಡಿಸುವುದು, ಕೇಳುವುದು, ತಲೆಯಾಡಿಸುವುದು, ಅಳಿಸುವುದು.

ಒಂದು ದಿನ ಅವರು ಮೈಮರೆತು ನುಡಿಸುತ್ತಿದ್ದರು. ಕಣ್ಣು ಮುಚ್ಚಿತ್ತು, ಕತ್ತಿನ ನರ ಉಬ್ಬಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದು, ಇವತ್ತು ಬಂತು ಎಂಬಂತೆ ಒತ್ತಿದರು. ಅಷ್ಟರಲ್ಲಿ ನನ್ನ ಮಗಳು ನನ್ನ ಸೆರಗು ಬಿಟ್ಟು ಒಳಗೆ ಓಡಿದಳು. ಟ್ರಂಕಿನ ಸಂದಿಯಲ್ಲಿ ಅವಳ ಕೌದಿಯ ಅಂಚು ಕಂಡಿತ್ತು. ಮುಚ್ಚಳ ಎತ್ತಿಯೇಬಿಟ್ಟಳು. ಗಿಟಾರು ಚಾಳಿನ ತುಂಬ ಭೋರ್ಗರೆಯಿತು. ಅವಳು ಹೆದರಲಿಲ್ಲ. ಟ್ರಂಕಿನೊಳಗೆ ತಲೆ ಹಾಕಿ, "ನಂದು ಕೌದಿ. ಕೊಡು" ಎಂದಳು.

ಮಾಸ್ತರರು ತಂತಿಯ ಮೇಲೆ ಕೈಯಿಟ್ಟು ಸದ್ದು ನಿಲ್ಲಿಸಿದರು. ಬೈಯುತ್ತಾರೆಂದು ನಾನು ಓಡಿಹೋಗಿ ಕೂಸನ್ನು ಎತ್ತಿಕೊಂಡೆ. ಅವರು ಗಿಟಾರನ್ನು ತೊಡೆಯಿಂದ ಕೆಳಗಿಟ್ಟರು. ಆಮೇಲೆ, "ಕೊಡುವಾ ಮಗಾ, ನಿಂದೇ ಅಲ್ವಾ" ಎಂದರು, ಅಷ್ಟೇ.

ಆ ಟೇಪನ್ನು ಅಳಿಸಲು ಅವರಿಗೆ ಮನಸ್ಸಾಗಲಿಲ್ಲ. ಅಷ್ಟು ಚೆನ್ನಾಗಿ ತಾನು ಯಾವತ್ತೂ ನುಡಿಸಿರಲಿಲ್ಲ ಎಂದರಂತೆ. ಬೇರೆ ಟೇಪು ತಂದು, ತಪ್ಪಿಲ್ಲದಂತೆ ಮತ್ತೆ ನುಡಿಸಿ ಸ್ಟುಡಿಯೋಕ್ಕೆ ಕೊಟ್ಟು ಬಂದರು. ಸ್ವರವೆಲ್ಲ ಸರಿಯಿದೆ, ಜೀವ ಇಲ್ಲ ಎಂದು ಅಲ್ಲಿಯವರು ಹೇಳಿದರಂತೆ. ಇದನ್ನು ನನಗೆ ಹೇಳಿದವರು ಅವರ ಹೆಂಡತಿ. ಮಾಸ್ತರರು ಎಂದಿನಂತೆ ಬೆಳಗಿನ ಲೋಕಲ್ ಹಿಡಿದು ಹೋಟೆಲಿಗೆ ಹೋಗಿಬಂದರು.

ಆ ಮಳೆಗಾಲದಲ್ಲಿ ಚಾಳಿನ ಮಕ್ಕಳಿಗೆ ಗಂಟಲುಮಾರಿ ಬಂತು. ಉಳಿದವರ ಮನೆಯ ಮಕ್ಕಳು ಎದ್ದು ಓಡಾಡಿದವು. ನನ್ನದು ಏಳಲಿಲ್ಲ. ಆಸ್ಪತ್ರೆಗೆ ಹೊತ್ತೊಯ್ದವರು ಮಾಸ್ತರರೇ. ನನ್ನವರು ಕೊಡೆ ಹಿಡಿದು ಹಿಂದೆ ನಡೆದರು. ತಿರುಗಿ ಬರುವಾಗಲೂ ಅವರ ತೋಳಿನಲ್ಲೇ ಇತ್ತು ಕೂಸು...

ಅವಳದೊಂದು ಫೋಟೋ ತೆಗೆಸಿರಲಿಲ್ಲ. ದೀಪಾವಳಿಗೆ ತೆಗೆಸೋಣ ಎಂದುಕೊಂಡಿದ್ದೆವು.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಮಾಸ್ತರರು ನಮ್ಮ ಹೊಸ್ತಿಲಾಚೆ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಹೇಗೆ ಹೇಳುದು ಗೊತ್ತಾಗುದಿಲ್ಲ ಅಕ್ಕ. ಆ ಟೇಪು ಉಂಟು. ಮಗುವಿನ ಮಾತು ಅದರಲ್ಲಿ ಉಂಟು. ಬೇಕಾದ್ರೆ ಕೇಳಿ. ಬೇಡದಿದ್ರೆ ನಾನು ಜೋಪಾನ ಮಾಡ್ತೇನೆ."

"ಬ್ಯಾಡ್ರಿ ಮಾಸ್ತರ್" ಎಂದು ಬಾಗಿಲು ಹಾಕಿಕೊಂಡೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಾನೇ ಹೋದೆ. ಅಂದು ರವಿವಾರ, ನನ್ನವರನ್ನೂ ಕರೆದೆ. "ನನಗ ಆಗೂದಿಲ್ಲ. ನೀ ಹೋಗು" ಎಂದು ಅವರು ಗ್ಯಾಲರಿಯ ಕಟಕಟೆ ಹಿಡಿದು, ಬೆನ್ನು ಮಾಡಿ ನಿಂತರು.

ಮಾಸ್ತರರು ಯಂತ್ರವನ್ನು ಮಂಚದ ಮೇಲಿಟ್ಟು ಕಾಯಲು ಬಿಟ್ಟರು. ಅದೇ ವಾಸನೆ. ಗಿಟಾರು ಶುರುವಾಯಿತು. ಬಾಗಿಲಲ್ಲಿ ನಿಂತು ಅಷ್ಟು ದಿನ ನೋಡಿದ್ದರೂ, ಅವರು ನುಡಿಸುತ್ತಿದ್ದುದನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. ಒಂದು ಸ್ವರದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರಿ, ಏರಿ, ಏರಿದಲ್ಲೇ ನಡುಗಿ ನಿಲ್ಲುತ್ತಿತ್ತು. ಮತ್ತೆ ಮುಚ್ಚಳದ ಸದ್ದು. ಮತ್ತೆ ಅವಳು. ಹಿಂದೆಯೇ ದೂರದಿಂದ ನನ್ನ ದನಿ, "ಏ, ಬಾ ಇಲ್ಲೆ". ಅದರಲ್ಲಿ ಸಿಟ್ಟಿತ್ತು, ನಗುವೂ ಇತ್ತು. ಹಾಗೆ ಕರೆದ ಹೆಂಗಸು ಯಾರೋ ಬೇರೆಯವಳು ಅನಿಸಿತು.

ಆಮೇಲೆ ಆಗಾಗ ಹೋಗುತ್ತಿದ್ದೆ. ಮಾಸ್ತರರು ಟೇಪು ಹಾಕಿ ಹೊರಗೆ ಹೋಗಿ ನಿಲ್ಲುತ್ತಿದ್ದರು. ಅವರು ಮತ್ತೆ ಗಿಟಾರು ಮುಟ್ಟಲಿಲ್ಲ. ಟ್ರಂಕಿಗೆ ಅವರ ಹೆಂಡತಿಯ ಮದುವೆಯ ಸೀರೆಗಳು ತಿರುಗಿ ಬಂದವು.

ನನಗೆ ಇಬ್ಬರು ಗಂಡುಮಕ್ಕಳಾದರು. ಮಾಸ್ತರರು ಕಾಂದಿವಲಿಗೆ ಮನೆ ಬದಲಿಸಿದರು. ಟೇಪನ್ನು ನನಗೆ ಕೊಡಲು ಬಂದರು. ಕೇಳಲು ಯಂತ್ರವಿಲ್ಲದವಳಿಗೆ ಅದೇಕೆ, ನಿಮ್ಮಲ್ಲೇ ಇರಲಿ ಎಂದೆ. ದಾದರಿನಲ್ಲಿ ಗಾಡಿ ಬದಲಿಸಿ ಮೊದಮೊದಲು ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೊಮ್ಮೆ... ಆಮೇಲೆ ಅದೂ ಇಲ್ಲ. ಅವರು ತೀರಿಕೊಂಡರೆಂದು ತಿಳಿದು ಹೋದಾಗ ಅವರ ಹೆಂಡತಿ ಟೇಪನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. "ಇದನ್ನು ಮುಟ್ಲಿಕ್ಕೆ ಯಾರಿಗೂ ಬಿಡ್ಲಿಲ್ಲ, ಮಾರಾಯ್ತಿ" ಎಂದರು. ಅಷ್ಟು ಮಳೆಗಾಲಗಳ ತೇವಕ್ಕೆ ಸುರುಳಿಯೆಲ್ಲ ಒಂದಕ್ಕೊಂದು ಅಂಟಿತ್ತು. ರಿಪೇರಿ ಅಂಗಡಿಯಾತ ತುದಿ ಬಿಡಿಸಲು ನೋಡಿದ. ಅವನ ಬೆರಳಿಗೆ ಕಂದು ಪುಡಿ ಹತ್ತಿತು. "ಇಸ್ ಮೇ ಕುಛ್ ನಹೀ ಬಚಾ, ಮಾಂಜೀ" ಎಂದ. ಏನೂ ಉಳಿದಿರಲಿಲ್ಲ.

ಇದನ್ನೆಲ್ಲ ಮೊನ್ನೆ ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ. ಆ ಟ್ಯೂನ್ ನೆನಪಿದೆಯಾ ಎಂದು ಕೇಳಿ ಗಿಟಾರ್ ತೆಗೆದುಕೊಂಡಳು. ಗುನುಗಿದೆ. ಒಂದು ಸ್ವರವೂ ಮರೆತಿರಲಿಲ್ಲ. ಮುಚ್ಚಳ ತೆರೆಯುವ ಜಾಗದ ತನಕ ಬಂದು ನಿಲ್ಲಿಸಿದೆ. ಅಲ್ಲಿ ನನ್ನ ಮಗಳು ಏನೆಂದಳೆಂಬುದೂ ಗೊತ್ತು. ಆದರೆ ಎಷ್ಟು ಕಿವಿಗೊಟ್ಟರೂ ಆ ಮಾತು ಈಗ ನನ್ನ ಮುದಿ ದನಿಯಲ್ಲೇ ಕೇಳುತ್ತದೆ. ಅವಳ ದನಿ ಬರುವುದಿಲ್ಲ.